ಹೊಡೆಯ ಹದ ಬಲ್ಲ ಅಣ್ಣಮ್ಮ

ಬೆಳಗಿನ ಆರೂವರೆ. ಮೂಡಿಗೆರೆ ಬಳಿಯ ಭತ್ತದ ಪ್ರಯೋಗ ತಾಕಿನಲ್ಲಿ ಕೆಸರಿಗಿಳಿದ ಅಣ್ಣಮ್ಮ ಪೈರಿನ ಉಬ್ಬಿದ ಕಾಂಡವನ್ನು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾರೆ. "ಇದು ಎಳೇದು." ಮುಂದಿನದು. "ಹಾಂ, ಇದು ಹದ." ಕತ್ತರಿ ಕಚಕ್ಕೆನ್ನುತ್ತದೆ.

ತೆನೆ ಹೊರಬರುವ ಮೊದಲು ಎಲೆಯೊಳಗೇ ಉಬ್ಬಿಕೊಂಡಿರುವುದಕ್ಕೆ ಇಲ್ಲಿಯವರು ಹೊಡೆ ಎನ್ನುತ್ತಾರೆ. ಅದರೊಳಗಿನ ಹೂಗಳಲ್ಲಿ ಒಂದೊಂದು ತಾಯಿಕೋಶವೂ ಒಡೆದು ನಾಲ್ಕಾಗಿ, ನಾಲ್ಕೂ ಪರಾಗವಾಗಿ ಬಲಿಯುತ್ತವೆ. ಆಗ ಚಳಿ ಬಿದ್ದರೆ ಪರಾಗ ಕೆಟ್ಟು ತೆನೆಯೆಲ್ಲ ಜೊಳ್ಳು. ಕಳಸದ ಮೇಲಿರುವ ಅಣ್ಣಮ್ಮನ ತವರಿನ ಗದ್ದೆಗಳ ಗೋಳು ಇದೇ. ಚಳಿ ತಡೆಯುವ ತಳಿಗಾಗಿ ವಿಜ್ಞಾನಿ ಕೃತಿಕಾ ಎಳೆಯ ಪರಾಗದಿಂದಲೇ ಲ್ಯಾಬಿನಲ್ಲಿ ಸಸಿ ಎಬ್ಬಿಸುತ್ತಾರೆ. ಅದಕ್ಕೆ ಬೇಕಾದ ಹದ ಒಂದೆರಡು ದಿನವಷ್ಟೇ ಇರುತ್ತದೆ.

"ನಾನು ಸ್ಕೇಲ್ ಇಟ್ಟು ಆರಿಸಿದ್ರಲ್ಲಿ ಅರ್ಧ ದಂಡ. ಅಣ್ಣಮ್ಮ ಅವ್ರದ್ದು ಹತ್ತಕ್ಕೆ ಎಂಟು ಸರಿ," ಎನ್ನುತ್ತಾರೆ ಕೃತಿಕಾ. ಹದಿನಾಲ್ಕು ವರ್ಷದಿಂದ ದಿನಗೂಲಿಯಲ್ಲಿರುವ ಅಣ್ಣಮ್ಮ ದಿನಕ್ಕೆ ಇನ್ನೂರು ಹೊಡೆ ಮುಟ್ಟಿ ನೋಡುತ್ತಾರೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟದ್ದು ಒಂದೇ ಸಲ. "ಎಂತದೂ ಕಾಣ್ಲಿಲ್ಲ, ನನ್ನ ರೆಪ್ಪೆ ಮಾತ್ರ ಕಾಣ್ತು!"

ಮೊದಲ ಎರಡು ವರ್ಷ ಲ್ಯಾಬಿನಲ್ಲಿ ಸಸಿ ಏಳಲಿಲ್ಲ. ಕಳೆದ ವರ್ಷ ಕೊನೆಯ ಅವಕಾಶ. ಅದೂ ತಪ್ಪಿದರೆ ಯೋಜನೆಗೆ ಬೀಗ. ಹದ ಕೂಡಿಬಂದದ್ದು, ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಪೂಜಿಸುವ ಭೂಮಿ ಹುಣ್ಣಿಮೆಯ ದಿನವೇ! ಮರುದಿನಕ್ಕೆ ಕಾದರೆ ಹದ ಮೀರುತ್ತಿತ್ತು. ಅಣ್ಣಮ್ಮ ಖಡಾಖಂಡಿತ ಒಲ್ಲೆ ಎಂದರು.

"ಬಸುರಿಗೆ ಬಯಕೆ ಊಟ ಬಡಿಸೋ ದಿನ ಹೊಟ್ಟೆಗೆ ಕತ್ತರಿ ಹಾಕ್ತಾರಾ ಮೇಡಂ?"

ಕೃತಿಕಾ ಕಣ್ಣೊರೆಸಿಕೊಂಡರು. ಅಣ್ಣಮ್ಮನಿಗೆ ತವರು ನೆನಪಾಯಿತು. ಈ ತಳಿ ಬಾರದಿದ್ದರೆ ಅಲ್ಲಿನ ಗದ್ದೆಯ ತೆನೆ ಜೊಳ್ಳಾಗಿಯೇ ಉಳಿಯುತ್ತದಲ್ಲವೇ. ಮನೆಯಿಂದ ತಂದ ಎಡೆಯನ್ನು ಪೈರಿನ ಬುಡಕ್ಕಿಟ್ಟು ಕೈಮುಗಿದರು. ಕತ್ತರಿಯನ್ನು ಬದುವಿನ ಮೇಲೆ ಬಿಟ್ಟು, ನಲವತ್ತು ಹೊಡೆಗಳನ್ನು ಒಂದೊಂದಾಗಿ ಕೈಯಲ್ಲೇ ಎಳೆದುಕೊಟ್ಟರು. "ಭೂಮ್ತಾಯಿ ಹತ್ರ ಕೇಳಿ ತಗೊಂಡಿದ್ದು. ಕದ್ದಿದ್ದಲ್ಲ," ಎಂದು ಈಗಲೂ ಒತ್ತಿ ಹೇಳುತ್ತಾರೆ.

ಆ ಹೊಡೆಗಳಿಂದ ಇಪ್ಪತ್ತಾರು ಹಸಿರು ಸಸಿ ಎದ್ದವು. ಯೋಜನೆ ಉಳಿಯಿತು, ಈ ವರ್ಷವೂ ಕೆಲಸ ಸಾಗಿದೆ. ಆ ಸಸಿಗಳಲ್ಲಿ ನಾಲ್ಕರ ಬೀಜ ಮುಂದಿನ ಮಳೆಗಾಲ ಕಳಸದ ಗದ್ದೆಗೆ ಹೋಗಲಿದೆ. ತಳಿಗೆ ನಿಮ್ಮ ಹೆಸರಿಡಲೇ ಎಂದು ಕೃತಿಕಾ ಕೇಳಿದರೆ ಅಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ.

"ಹೆಸ್ರು ಎಂತಕ್ಕೆ? ಅಲ್ಲಿ ಕಾಳು ಕಟ್ಲಿ ಸಾಕು. ಆಮೇಲೆ ಊರಿಗೆಲ್ಲ ನಾನೇ ಹೇಳ್ಕೊಂಡು ಬರ್ತೀನಿ, ಬಿಡ್ತೀನಾ?"