ಕೊಪ್ಪರಿಗೆಯ ಇನ್ನೊಂದು ಬಳೆ

ನನ್ನ ಬಲತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಒಂದು ಗಂಟು ಬಂದು ಹೋಗಿ ಮಾಡುತ್ತಿತ್ತು. ನಿಂತರೆ ಬರುತ್ತಿತ್ತು, ಮಲಗಿದರೆ ಮಾಯ. ಮಲಗಿದಾಗ ಇಲ್ಲದ್ದು ರೋಗ ಹೇಗಾದೀತು ಎಂದು ನನಗೆ ನಾನೇ ಹೇಳಿಕೊಂಡು ಎರಡು ಮಳೆಗಾಲ ದಾಟಿಸಿದೆ. ಕೆಮ್ಮೋ ಸೀನೋ ಬರುವ ಸೂಚನೆ ಸಿಕ್ಕಿದರೆ ಸಾಕು, ಕೈ ತಾನಾಗಿ ಪ್ಯಾಂಟಿನ ಕಿಸೆಗೆ ಇಳಿದು ಆ ಜಾಗವನ್ನು ಒತ್ತಿ ಹಿಡಿಯುತ್ತಿತ್ತು. ನೋಡಿದವರು ಚಿಲ್ಲರೆ ಹುಡುಕುತ್ತಿದ್ದಾನೆ ಅಂದುಕೊಂಡಿರಬೇಕು.

ಪುತ್ತೂರಿನಲ್ಲಿ ನಮ್ಮದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮದು ಅಂದರೆ ನನ್ನದು ಮತ್ತು ನನ್ನ ಪಾಲುದಾರನದು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಅವನ ಬಾಯಿಯ ದೆಸೆಯಿಂದ ಇಬ್ಬರೂ ಒಟ್ಟಿಗೆ ಪೆಟ್ಟು ತಿಂದವರು. ಕುರ್ಚಿ, ಮೇಜು, ಬಾಲ್ದಿಗಳನ್ನು ಕೆಲಸದವರು ಹೊರುತ್ತಿದ್ದರು. ಪಾಯಸದ ದೊಡ್ಡ ಕೊಪ್ಪರಿಗೆಯನ್ನು ಮಾತ್ರ ನಾವು ಯಾರ ಕೈಗೂ ಕೊಡುತ್ತಿರಲಿಲ್ಲ. ಅದಕ್ಕೆ ಎರಡು ಬದಿಯಲ್ಲಿ ಎರಡು ಹಿತ್ತಾಳೆಯ ಬಳೆ, ಹಿಡಿದು ಎತ್ತಲಿಕ್ಕೆ. ಎಡದ್ದು ಅವನದು, ಬಲದ್ದು ನನ್ನದು. “ಹಿಡಿದ್ಯಾ?” ಎಂದು ಅವನು ಕೇಳಬೇಕು, “ಹ್ಞೂಂ” ಎಂದು ನಾನು ಹೇಳಬೇಕು, “ಏಳ್ಲಿ!” ಎಂದು ಅವನು ಕೂಗಬೇಕು. ಆಗ ಕೊಪ್ಪರಿಗೆ ಏಳುತ್ತಿತ್ತು. ಕಡಬದಿಂದ ಕಲ್ಲುಗುಂಡಿಯವರೆಗೆ ಎಷ್ಟು ಮದುವೆಗಳಿಗೆ ಹೀಗೆ ಎತ್ತಿದ್ದೇವೋ.

ಕಡಬದ ಹತ್ತಿರದ ಒಂದು ಗೃಹಪ್ರವೇಶದ ಮನೆಯಲ್ಲಿ ಕೊಪ್ಪರಿಗೆ ಎದ್ದಿತು, ನನ್ನ ಗಂಟೂ ಎದ್ದಿತು. ಈ ಸಲ ಅದು ಮಲಗಿದರೂ ಒಳಗೆ ಹೋಗಲಿಲ್ಲ. ಅವನು ನನ್ನನ್ನು ಪಿಕಪ್ಪಿನ ಹಿಂದೆ, ಮಡಚಿಟ್ಟ ಶಾಮಿಯಾನದ ಬಟ್ಟೆಗಳ ಮೇಲೆ ಮಲಗಿಸಿ ಪುತ್ತೂರಿಗೆ ಹೊರಟ. ಕೆಂಪು, ಹಳದಿ ಬಟ್ಟೆಯ ನಡುವೆ ಅಂಗಾತ ಮಲಗಿ ನಾನು ಮರಗಳ ತುದಿಗಳನ್ನು ಮಾತ್ರ ನೋಡುತ್ತಿದ್ದೆ. ಅವು ಬರುತ್ತಿದ್ದವು, ಹೋಗುತ್ತಿದ್ದವು. ಬಟ್ಟೆಯಲ್ಲಿ ಯಾವ ಯಾವುದೋ ಮದುವೆಗಳ ಮಲ್ಲಿಗೆಯ ವಾಸನೆ, ಸಾಂಬಾರಿನ ವಾಸನೆ. ಅಷ್ಟು ನೋವಿನಲ್ಲೂ ಒಂದು ಜೊಂಪು ಹತ್ತಿತು. ದಾರಿಯಲ್ಲಿ ಎಲ್ಲೋ ಗಂಟು ತಾನಾಗಿ ಒಳಗೆ ಜಾರಿತು.

ಡಾಕ್ಟರು ಅಲ್ಲಿ ಬೆರಳಿಟ್ಟು, “ಒಮ್ಮೆ ಕೆಮ್ಮಿ” ಎಂದರು. ಕೆಮ್ಮಿದೆ. ಹರ್ನಿಯಾ ಎಂದರು. ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಹೊರಗೆ ಇಣುಕುತ್ತದೆ, ಒಂದು ದಿನ ಅದು ಅಲ್ಲೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಆಪರೇಷನ್ ಮಾಡಿ ಬಲೆ ಹಾಕಿ ಹೊಲಿಯಬೇಕು, ಭಾರ ಎತ್ತುವುದನ್ನು ಮರೆತುಬಿಡಿ ಎಂದರು. ಪಕ್ಕದಲ್ಲಿ ನಿಂತಿದ್ದ ಅವನ ಮುಖ ಸುಣ್ಣ ಬಳಿದ ಹಾಗೆ ಆಯಿತು. ಅಯ್ಯೋ ಪಾಪ, ನನ್ನ ಮೇಲೆ ಎಷ್ಟು ಪ್ರೀತಿ ಇವನಿಗೆ ಎಂದುಕೊಂಡೆ.

ಆಪರೇಷನ್ನಿನ ದಿನ ಬೆನ್ನಿಗೆ ಸೂಜಿ ಹಾಕಿದ ಮೇಲೆ ನನ್ನ ಕಾಲುಗಳು ಎಲ್ಲಿಗೋ ಹೋದವು. ನೋವಿಲ್ಲ, ಭಾರವೂ ಇಲ್ಲ. ಪರದೆಯ ಆಚೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು, ತಟ್ಟೆಗೆ ಏನೋ ಇಟ್ಟ ಸದ್ದು. ನಾನು ಮದುವೆ ಮನೆಯ ಜಗಲಿಯಲ್ಲಿ ಊಟ ಮಾಡಿ ಮಲಗಿದ್ದೇನೆ, ಒಳಗೆ ಪಾತ್ರೆ ತೊಳೆಯುತ್ತಿದ್ದಾರೆ ಅನ್ನಿಸಿತು. ಅಷ್ಟು ಸುಖದ ನಿದ್ದೆ ನನಗೆ ಆಮೇಲೆ ಬಂದದ್ದಿಲ್ಲ.

ಮರುದಿನ ಎದ್ದು ನಡೆಯಬೇಕು ಎಂದರು ನರ್ಸಮ್ಮ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿಯಬೇಕೆಂದೂ ತೋರಿಸಿಕೊಟ್ಟರು. ಆ ವಿದ್ಯೆ ನನಗೆ ಬರುತ್ತಿತ್ತು. ಅವನು ನನ್ನ ತೋಳು ಹಿಡಿದ. ಹಿಡಿದವನು ಸುಮ್ಮನಿರಬೇಕಲ್ಲ! ವಾರ್ಡಿಗೆಲ್ಲ ಕೇಳುವ ಹಾಗೆ, “ಹಿಡಿದ್ಯಾ? ಏಳ್ಲಿ!” ಎಂದ. ನನಗೆ ನಗು ಉಕ್ಕಿತು. ನಕ್ಕದ್ದೇ ತಡ, ಹೊಲಿಗೆಯ ಜಾಗದಲ್ಲಿ ಕೆಂಡ ಇಟ್ಟ ಹಾಗಾಯಿತು. ನನ್ನ ಹೆಂಡತಿ ಸಿಟ್ಟಿನಿಂದ ಕೆಂಪಾದಳು.

“ಅಣ್ಣಾ, ನೀವು ಬಾಯಿ ಬಿಡುದಾದ್ರೆ ಮನೆಗೆ ಬರುದೇ ಬೇಡ. ಇವರ ಹೊಲಿಗೆ ಬಿಟ್ಟರೆ ನೀವು ಹೊಲಿತೀರಾ?”

ನರಿಮೊಗರಿನ ಮನೆಗೆ ಬಂದ ಮೇಲೆ ದಿನಗಳಿಗೆ ಹೆಸರು ಉಳಿಯಲಿಲ್ಲ. ಬೆಳಗ್ಗೆ ಮಾತ್ರೆ, ಗಂಜಿ, ನಿದ್ದೆ. ಬಿಸಿಲಿನ ಒಂದು ತುಂಡು ಗೋಡೆಯಿಂದ ಇಳಿದು ಮಂಚದ ಕಾಲಿನವರೆಗೆ ಬರುವುದನ್ನು ನೋಡುತ್ತಾ ಮತ್ತೆ ನಿದ್ದೆ. ನಡುವೆ ನೋಡಲು ಬರುವವರ ಕಾಟ. ಒಬ್ಬರು ಬೆಲ್ಟು ಕಟ್ಟಿದ್ದರೆ ಸಾಕಿತ್ತು ಎಂದರು, ಇನ್ನೊಬ್ಬರು ಯಾವುದೋ ಬೇರು ಅರೆದು ಕುಡಿಯಲು ಹೇಳಿದರು. ಕೊಯ್ದು ಹೊಲಿದಾದ ಮೇಲೆ ಬೇರು ಎಂತಕ್ಕೆ ಮಾರಾಯ್ರೆ ಎಂದು ರೇಗಿದೆ. ಅವನೂ ಸಂಜೆ ಸಂಜೆ ಬರುತ್ತಿದ್ದ, ಹೆಂಡತಿಗೆ ಹೆದರಿ ಬಾಯಿ ಬಿಗಿದುಕೊಂಡು ಕೂತು, ಚಾ ಕುಡಿದು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಕನಸು. ಕೊಪ್ಪರಿಗೆ ತುಂಬ ಪಾಯಸ, ನಾವಿಬ್ಬರು ಎರಡು ಬದಿಯಲ್ಲಿ. ಎತ್ತಿದರೆ ಏನೇನೂ ಭಾರವಿಲ್ಲ. ಅಂಗಳ ದಾಟಿ, ಚಪ್ಪರದ ಮೇಲೆ, ತೆಂಗಿನ ಗರಿಗಳನ್ನೂ ದಾಟಿ ಮೆಲ್ಲಗೆ ಹೋಗುತ್ತಾ ಇದ್ದೇವೆ. ಕೆಳಗೆ ಎಲೆ ಹಾಕಿ ಕೂತ ಪಂಕ್ತಿಗಳು. “ಬಡಿಸುದು ಬೇಡವಾ?” ಎಂದು ಕೇಳಲು ಅವನ ಕಡೆ ತಿರುಗಿದೆ. ಅವನು ಬಳೆಯನ್ನು ಬಲಗೈ ಒಂದರಲ್ಲೇ ಹಿಡಿದಿದ್ದ. ಎಡಗೈ ಕಿಸೆಯಲ್ಲಿತ್ತು.

ಎಚ್ಚರವಾಯಿತು. ಅದು ಕನಸಲ್ಲ, ನಾನು ಕಣ್ಣಾರೆ ಕಂಡದ್ದೇ! ಎಷ್ಟೋ ಸಮಯದಿಂದ ಅವನು ಎತ್ತುತ್ತಿದ್ದದ್ದೇ ಹಾಗೆ. ಎಂತ ಶೋಕಿ ಅದು, ಎರಡೂ ಕೈ ಹಾಕು ಎಂದು ಬೈದಿದ್ದೆ ಕೂಡ. ಫೋನು ಬೀಳ್ತದೆ ಮಾರಾಯ ಎಂದು ನಕ್ಕಿದ್ದ.

ಸಂಜೆ ಅವನು ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಹೇಳಿದೆ.

“ಎದ್ದು ನಿಲ್ಲು. ಒಮ್ಮೆ ಕೆಮ್ಮು.”

“ಎಂತ ಆಯ್ತು ನಿನಗೆ? ಮಾತ್ರೆ ಜಾಸ್ತಿ ಆಯ್ತಾ?”

“ಕೆಮ್ಮು ಮಾರಾಯ.”

ನಗುತ್ತಾ ಎದ್ದ. ಕೆಮ್ಮುವ ಮೊದಲೇ ಎಡಗೈ ಕಿಸೆಗೆ ಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೇನೆಂದು ಗೊತ್ತಾಗಿ ಅವನ ನಗು ಅಲ್ಲೇ ನಿಂತಿತು. ಕೆಮ್ಮಲಿಲ್ಲ. ಕೂತುಕೊಂಡ.

“ಯಾವಾಗಿನಿಂದ?”

“ನಿನಗಿಂತ ಮೊದಲಿಂದ. ತೋರಿಸಿದ್ದೆ, ಮಾಡಿಸಬೇಕು ಅಂತ ಹೇಳಿದ್ರು. ಮದುವೆ ಸೀಸನ್ ಒಂದು ಮುಗೀಲಿ ಅಂತ ಇದ್ದೆ. ಅಷ್ಟರಲ್ಲಿ ನಿನ್ನದು ಹೀಗಾಯ್ತು. ಇಬ್ಬರೂ ಒಟ್ಟಿಗೆ ಮಲಗಿದ್ರೆ ಅಂಗಡಿ ಎಂತ ಮಾಡುದು? ಮೊದಲು ನೀನು ಏಳು ಅಂತ.”

“ಈಗ ಕೊಪ್ಪರಿಗೆ ಎತ್ತುದು ಯಾರು?”

“ಇನ್ಯಾರು? ನಾನು ಮತ್ತೆ ಕೆಲಸದವರು. ಇವತ್ತು ಸುಳ್ಯಕ್ಕೆ ಹೋಗಿತ್ತು.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನಗೆ ತಲೆ ಉಂಟಾ, ಡಾಕ್ಟರು ಹೇಳುವಾಗ ನನ್ನ ಪಕ್ಕದಲ್ಲೇ ಇದ್ದಿಯಲ್ಲ, ಅದು ಸುಳ್ಯದಲ್ಲಿ ಸಿಕ್ಕಿಕೊಂಡಿದ್ದರೆ ನಾನು ಇಲ್ಲಿ ಬಿಸಿಲು ನೋಡುತ್ತಾ ಮಲಗಿರುವಾಗ ನೀನು ಸತ್ತೇ ಹೋಗುತ್ತಿದ್ದಿ ಎಂದು ಕೂಗಾಡಿದೆ. ಕೂಗುತ್ತಾ ಅಳು ಬಂತು. ನನಗೆ ಇವನು ಬೇಕು, ಅಂಗಡಿ ಹಾಳಾಗಿ ಹೋಗಲಿ ಅನ್ನಿಸಿತು. ಹಾಗೆಯೇ ಹೇಳಿಯೂ ಬಿಟ್ಟೆ. ನಗುವುದಕ್ಕೆ ಮಾತ್ರ ನಮ್ಮ ಮನೆಯಲ್ಲಿ ನಿಷೇಧ ಇತ್ತು. ಅತ್ತರೂ ಹೊಲಿಗೆ ಅಷ್ಟೇ ನೋಯುತ್ತದೆ ಎಂದು ಆಗ ಗೊತ್ತಾಯಿತು.

ಚಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಚಾ ಕೆಳಗಿಟ್ಟು, “ಅಣ್ಣಾ, ನಾಳೆ ಆಸ್ಪತ್ರೆಗೆ ಹೋಗುದು. ನಾನೇ ಬರ್ತೇನೆ” ಎಂದಳು. ಅವಳ ಎದುರು ಅವನದು ಯಾವತ್ತೂ ನಡೆದದ್ದಿಲ್ಲ. ಆ ಸೀಸನ್ನಿಗೆ ಬರೀ ಕುರ್ಚಿ, ಶಾಮಿಯಾನ ಕೊಟ್ಟೆವು. ಕೊಪ್ಪರಿಗೆ ಅಂಗಡಿಯ ಮೂಲೆಯಲ್ಲಿ ಕವುಚಿ ಮಲಗಿತು.

ಅದೇ ಆಸ್ಪತ್ರೆ. ಆಪರೇಷನ್ನಿನ ಮರುದಿನ ಅವನನ್ನು ಏಳಿಸಲು ಹೇಳಿದರು. ನಾನು ಬಲಬದಿಗೆ ನಿಂತು ತೋಳು ಹಿಡಿದೆ. ಹೆಂಡತಿ ಹಿಂದಿನಿಂದ, “ನೀವು ಭಾರ ಎತ್ತುದು ಬೇಡ” ಎಂದು ಗದರಿ ತಾನೇ ಎಡಬದಿಗೆ ಹೋಗಿ ಇನ್ನೊಂದು ತೋಳು ಹಿಡಿದಳು. ಅವನು ಇಬ್ಬರನ್ನೂ ನೋಡಿದ. ಬಾಯಿ ಬಿಡಲು ಅವಳ ಹೆದರಿಕೆ.

“ಹಿಡಿದ್ರಾ?” ಎಂದು ನನ್ನ ಹೆಂಡತಿ ಕೇಳಿದಳು.

“ಹ್ಞೂಂ” ಎಂದೆ.

“ಏಳ್ಲಿ!” ಎಂದಳು.

ಅವನು ಎದ್ದು ನಿಂತ. ನಿಂತದ್ದೇ ನಗು ಉಕ್ಕಿತು ಅವನಿಗೆ. ಎಡಗೈ ಅವಸರದಲ್ಲಿ ಕಿಸೆ ಹುಡುಕಿತು. ಆಸ್ಪತ್ರೆಯ ಅಂಗಿಗೆ ಕಿಸೆ ಇರಲಿಲ್ಲ. ನಾನು ನನ್ನ ಅಂಗೈಯನ್ನು ಅವನ ಹೊಲಿಗೆಯ ಮೇಲಿಟ್ಟು ಒತ್ತಿ ಹಿಡಿದೆ.

“ಈಗ ನಗು ಮಾರಾಯ,” ಎಂದೆ.