ಅಕ್ಕನ ಟ್ಯಾಬಿಗೆ ಆಯುಧಪೂಜೆ

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಬೆಳೆದವರಿಗೆ ಒಂದು ಚಟ ಉಳಿದುಬಿಡುತ್ತದೆ. ಮನೆಗೆ ಬಂದ ಹೊಸ ವಸ್ತುವನ್ನು ಮೊದಲು ವಿರೋಧಿಸಿ ನೋಡುತ್ತೇವೆ. ಅಕ್ಕ ಹೊಸ ಟ್ಯಾಬ್ ತಂದಾಗಲೂ ನಾನು ಅದನ್ನೇ ಮಾಡಿದೆ. ಫೋನಿನ ಹಾಗೆ ಕಿಸೆಗೆ ಹೋಗುವುದಿಲ್ಲ, ಲ್ಯಾಪ್‌ಟಾಪಿನ ಹಾಗೆ ಕೋಡ್ ಬರೆಯಲು ಒದಗುವುದಿಲ್ಲ, ಹಾಗಾದರೆ ಇದು ಹುಟ್ಟಿದ್ದಾದರೂ ಯಾಕೆ?

"ನಿಂಗಲ್ಲ ಮಾರಾಯ್ತಿ, ದೋಣಿಗೆ ತಂದದ್ದು," ಅಂದಳು ಅಕ್ಕ.

ಭಾವ ದೇವಬಾಗದ ಕಡಲತೀರದಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸುತ್ತಾರೆ. ಅವರಿಗೆ ಬರುವ ಜನರಲ್ಲಿ ಹೆಚ್ಚಿನವರು ಅಲ್ಲಿಯ ಒಂದು ಹೋಮ್‌ಸ್ಟೇಯಿಂದ ಬರುವವರು. ಅದರ ಮಾಲೀಕರು ಈ ಸಲ ಮಳೆಗಾಲ ಮುಗಿಯುವ ಮೊದಲೇ ಹೇಳಿಬಿಟ್ಟಿದ್ದರು: ಫೋನಿನಲ್ಲಿ ಕೂಗಾಡುವುದು ಸಾಕು, ಬುಕಿಂಗಿಗೊಂದು ವೆಬ್ ಪುಟ ಬೇಕು; ಅದರಲ್ಲಿ ಗೊಂದಲವಾದರೆ ತಮ್ಮ ಜನರನ್ನು ಬೇರೆ ದೋಣಿಗೆ ಕಳಿಸುತ್ತೇವೆ. ಕಾರವಾರದಲ್ಲಿ ಕೂತು ವೆಬ್ ಕೆಲಸ ಮಾಡುವವಳು ನಾನು, ಪುಟ ನನ್ನ ಪಾಲಿಗೆ ಬಂತು. ಟ್ಯಾಬ್ ದೋಣಿಯಲ್ಲಿ ಭಾವನ ಹತ್ತಿರ ಇರುವುದು, ಜನ ಬಂದರೆ ಅದರಲ್ಲಿ ಗುರುತು ಹಾಕುವುದು, ಸಮುದ್ರ ಜೋರಿದ್ದರೆ ಟ್ರಿಪ್ ರದ್ದು ಮಾಡುವುದು ಎಂದು ನಿಶ್ಚಯವಾಯಿತು. ಅಕ್ಕನ ಇಡೀ ಹಂಗಾಮು ಈಗ ನನ್ನ ಪುಟದ ಗುಂಡಿಗಳ ಮೇಲೆ ನಿಂತಿತ್ತು.

ಟ್ಯಾಬನ್ನು ಕೈಯಲ್ಲಿ ಹಿಡಿದು ಕೂತ ಮೇಲೆ ನನ್ನ ವಾದ ಸ್ವಲ್ಪ ಸಡಿಲಾಯಿತು. ನನ್ನದೇ ಪುಟ ನನಗೆ ಹೊಸದಾಗಿ ಕಂಡಿತು. ಮೌಸಿನ ಬಾಣ ಹತ್ತಿರ ಬಂದರೆ ಬಣ್ಣ ಬದಲಿಸಲೆಂದು ನಾನು ಪ್ರೀತಿಯಿಂದ ಮಾಡಿದ್ದ ಗುಂಡಿಗಳು ಇಲ್ಲಿ ಸುಮ್ಮನೆ ಬಿದ್ದುಕೊಂಡಿದ್ದವು, ಏಕೆಂದರೆ ಬಾಣವೇ ಇಲ್ಲ. ಬೆರಳು ತಾನು ಒತ್ತುವ ಅಕ್ಷರವನ್ನೇ ಮುಚ್ಚುತ್ತದೆ. ಅಂಗಳದ ಬಿಸಿಲಿಗೆ ಒಯ್ದರೆ ನನ್ನ ನಾಜೂಕಿನ ಬೂದು ಅಕ್ಷರಗಳು ಮಾಯ. ಇಷ್ಟು ವರ್ಷ ನಾನು ನೆರಳಲ್ಲಿ ಕೂತವರಿಗಾಗಿ ಕೆಲಸ ಮಾಡಿದ್ದೆ ಎಂದು ಆ ಗಾಜು ಒಂದೇ ದಿನದಲ್ಲಿ ತೋರಿಸಿಕೊಟ್ಟಿತು. ಅಕ್ಷರ ಕಪ್ಪು ಮಾಡಿದೆ, ಗುಂಡಿ ದೊಡ್ಡದು ಮಾಡಿದೆ. ಗೆದ್ದೆ ಅಂದುಕೊಂಡೆ.

ಆಯುಧಪೂಜೆಗೆ ಅಕ್ಕ ಅಂಕೋಲೆಯ ತವರುಮನೆಗೆ ಬಂದಳು, ನಾನೂ ಹೋಗಿದ್ದೆ. ಆಯಿ, ಅಂದರೆ ನಮ್ಮ ತಾಯಿ, ದೇವರ ಮುಂದೆ ಕತ್ತಿ, ಹಾರೆ, ಸ್ಕೂಟರಿನ ಕೀಲಿ, ಮುಚ್ಚಿದ ನನ್ನ ಲ್ಯಾಪ್‌ಟಾಪ್ ಎಲ್ಲ ಸಾಲಾಗಿ ಇಟ್ಟಿದ್ದಳು. ಟ್ಯಾಬನ್ನು ಕೊನೆಯಲ್ಲಿ ಇಟ್ಟವಳು ನಾನು. ಅಕ್ಕನಿಗೆ ತೋರಿಸುತ್ತಿದ್ದ ಪುಟ ಹಾಗೇ ತೆರೆದಿತ್ತು. ಕಂಪನಿಯೇ ವಾರಂಟಿ ಕೊಟ್ಟ ವಸ್ತುವಿಗೆ ದೇವರನ್ನು ಯಾಕೆ ಹೊಣೆ ಮಾಡಬೇಕು ಎಂದು ನಾನು ಅಕ್ಕನೊಡನೆ ವಾದಿಸುತ್ತಿರುವಾಗ, ಆಯಿ ಹೂವನ್ನು ನೀರಲ್ಲಿ ಅದ್ದಿ ಎಲ್ಲದರ ಮೇಲೂ ಚಿಮುಕಿಸಿದಳು. ಒದ್ದೆ ಬೆರಳಲ್ಲಿ ಕುಂಕುಮ ಹಚ್ಚುತ್ತ ಬಂದಳು.

ಆರತಿ ಮುಗಿಯುವುದರೊಳಗೆ ಅಕ್ಕನಿಗೆ ಫೋನ್ ಬಂತು. ಹೋಮ್‌ಸ್ಟೇ ಮಾಲೀಕರು. ನಾಳೆ ಬೆಳಗಿನ ದೋಣಿ ರದ್ದಾಗಿದೆ ಎಂದು ಅತಿಥಿಗಳಿಗೆ ಸಂದೇಶ ಹೋಗಿದೆ, ಅವರು ಗೋವಾಕ್ಕೆ ಹೊರಡಲು ಚೀಲ ಕಟ್ಟುತ್ತಿದ್ದಾರೆ.

ಟ್ಯಾಬ್ ನೋಡಿದೆ. ಒಂದು ಹನಿ 'ರದ್ದು' ಗುಂಡಿಯ ಮೇಲೆ ಕೂತಿತ್ತು. 'ಖಂಡಿತವೇ?' ಎಂದು ಪುಟ ಕೇಳಿದ್ದಕ್ಕೆ ಕುಂಕುಮದ ಬೊಟ್ಟು 'ಹೌದು' ಎಂದಿತ್ತು.

ಅಕ್ಕ ದನಿ ತಗ್ಗಿಸಿ ಮಾಲೀಕರಿಗೆ ಸಮಾಧಾನ ಹೇಳಿದಳು, ಅತಿಥಿಗಳಿಗೆ ತಾನೇ ಫೋನ್ ಮಾಡಿ ಬೇಡಿಕೊಂಡಳು. ಅವರು ಹೇಗೋ ಉಳಿದರು. ಇನ್ನೊಮ್ಮೆ ಹೀಗಾದರೆ ಆಮೇಲೆ ತಮ್ಮ ಕಡೆಯಿಂದ ಜನರನ್ನು ಕೇಳಬೇಡಿ ಎಂದು ಮಾಲೀಕರು ಫೋನಿಟ್ಟರು.

ನಾನು ಆಯಿಯ ಕಡೆ ತಿರುಗಿದೆ. "ತಲೆ ನೆಟ್ಟಗಿದ್ದವ್ರು ಯಾರಾದ್ರೂ ಇದ್ರ ಮೇಲೆ ನೀರು ಹಾಕ್ತಾರಾ ಆಯಿ?"

ಉತ್ತರ ಕೊಟ್ಟವಳು ಪರದೆ ಒರೆಸುತ್ತಿದ್ದ ಅಕ್ಕ. "ನಿನ್ನ ಭಾವ ಇನ್ನು ದಿನಾ ಹಾಕ್ತ್ರು. ದೋಣೀಲಿ ಕೈ ಒಣಗೂದು ಯಾವಾಗ ಹೇಳು?"

ನೀರು ಯಾವುದು, ಬೆರಳು ಯಾವುದು ಎಂದು ಆ ಗಾಜಿಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಓದಿ ಗೊತ್ತಿತ್ತು ನನಗೆ. ಆದರೆ ಉಪ್ಪುನೀರಿನ ನಡುವೆ, ಯಾರ ಕಣ್ಣಿಗೂ ಬೀಳದೆ, ಒಂದರ ಹಿಂದೆ ಒಂದು ಟ್ರಿಪ್ ರದ್ದಾಗುವುದನ್ನು ನಾನು ಊಹಿಸಿರಲಿಲ್ಲ. ಆಗಬೇಕಾಗಿದ್ದ ಅನಾಹುತ ದೇವರ ಕೋಣೆಯಲ್ಲಿ, ನಮ್ಮ ಕಣ್ಣೆದುರಿಗೇ, ಅಗ್ಗದಲ್ಲಿ ಆಗಿ ಮುಗಿದಿತ್ತು.

ಆ ಮಧ್ಯಾಹ್ನವೇ ಕೂತು ಬದಲಿಸಿದೆ. ರದ್ದು ಮಾಡಲು ಇನ್ನು ಒತ್ತಿದರೆ ಸಾಲದು, ಪರದೆಯ ಎಡತುದಿಯಿಂದ ಬಲತುದಿಯವರೆಗೆ ಬೆರಳಲ್ಲಿ ಎಳೆಯಬೇಕು. ಸಂದೇಶವೂ ತಕ್ಷಣ ಹೋಗುವುದಿಲ್ಲ; 'ಬೇಡ, ಇರಲಿ' ಎಂಬ ದೊಡ್ಡ ಗುಂಡಿ ಸ್ವಲ್ಪ ಹೊತ್ತು ಕಾಯುತ್ತದೆ. ಪರೀಕ್ಷೆಗೆ ಆಯಿಯನ್ನೇ ಕರೆದೆ. ಮೊದಲು ಮುಖ ಉಬ್ಬಿಸಿಕೊಂಡೇ ಬಂದಳು. ಆಮೇಲೆ ಹುರುಪೇರಿ ಚೊಂಬಿನಿಂದ ಚಿಮುಕಿಸಿದಳು, ಒದ್ದೆ ಕೈಯಲ್ಲಿ ತಟ್ಟಿದಳು, ಸವರಿದಳು.

"ಇನ್ನೂ ಹಾಕ್ಲ್ಯಾ ತಂಗಿ?" ಅಂದಳು ಆಯಿ; ಮಗಳೂ ಅವಳ ಬಾಯಲ್ಲಿ ತಂಗಿಯೇ.

ಏನೂ ರದ್ದಾಗಲಿಲ್ಲ. ಅವಳಿಗೆ ತುಸು ನಿರಾಸೆಯಾದ ಹಾಗಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಕಾಳಿ ಸೇತುವೆ ದಾಟಿ ದೇವಬಾಗಕ್ಕೆ ಹೋದೆ. ಭಾವ ಮೊಣಕಾಲುದ್ದ ನೀರಲ್ಲಿ ನಿಂತು ದೋಣಿ ಹಿಡಿದಿದ್ದರು. ತೊಟ್ಟಿಕ್ಕುವ ಕೈಯಲ್ಲೇ ಟ್ಯಾಬ್ ತೆಗೆದುಕೊಂಡು, ಅತಿಥಿಗಳು ಬಂದರೆಂದು ಗುರುತು ಹಾಕಿ, ಆ ಬೆಳಗಿನ ಮಟ್ಟಿಗೆ ನನಗೇ ವಾಪಸು ಕೊಟ್ಟರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಮಾಡಿದ ಕೆಲಸಕ್ಕೆ ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಸಿಕ್ಕಿಲ್ಲ.

ಎಲ್ಲವನ್ನೂ ಅನುಮಾನಿಸುವವರು ಕೃತಜ್ಞತೆಯಲ್ಲಿ ಸ್ವಲ್ಪ ಜಿಪುಣರು. ಆದರೂ ಹೇಳಬೇಕು. ನನ್ನ ಕಣ್ಣು ತೆರೆಸಿದ ಆ ಗಾಜಿನ ಹಲಗೆಗೆ ನಾನು ಋಣಿ, ಬೈಯದೆ ಒರೆಸಿದ ಅಕ್ಕನಿಗೂ ಋಣಿ. ಇದರಲ್ಲಿ ದೇವರ ಪಾಲು ಎಷ್ಟೆಂದು ಆಯಿಯೂ ನಾನೂ ಇನ್ನೂ ವಾದಿಸುತ್ತಿದ್ದೇವೆ. ಆಯಿಯ ಪಾಲನ್ನು ಮಾತ್ರ ನಾನು ಪೂರ್ತಿ ಒಪ್ಪಿದ್ದೇನೆ.

ದೋಣಿ ಮರಳುವ ಮೊದಲೇ ಟ್ಯಾಬಿನ ಪುಟದಲ್ಲಿ ಹೊಸದೊಂದು ಬುಕಿಂಗ್ ಬಂದು ಕೂತಿತು. ಅದೇ ಹೋಮ್‌ಸ್ಟೇಯಿಂದ, ಎರಡು ಕುಟುಂಬ. ಅಕ್ಕ ಅದನ್ನು ನೋಡಿದಳು, ಕೈಯಲ್ಲಿದ್ದ ಫೋನನ್ನೂ ನೋಡಿದಳು.

"ಫೋನ್ ಮಾಡಿ ಕೇಳ್ಲಿಲ್ಲ ನೋಡು ಅವ್ರು," ಅಂದಳು, ಮತ್ತು ಫೋನನ್ನು ಚೀಲದೊಳಗೆ ಹಾಕಿದಳು.