ನೆಲಮಾಳಿಗೆಯಲ್ಲಿ ಎದ್ದ ಗಂಗಮ್ಮ

ದುರ್ಗದ ಗುಡ್ಡದ ಬುಡದ ಕೇರಿಯಲ್ಲಿ ನೆಲಮಾಳಿಗೆ ಇದ್ದದ್ದು ಒಂದೇ ಮನೆಗೆ, ಮಂಡಕ್ಕಿ ಭಟ್ಟಿಯ ಪಾಲಣ್ಣನ ಮನೆಗೆ. ಯಾರೋ ಸಾಹುಕಾರರ ಮನೆಯಲ್ಲಿ ನೋಡಿ ಬಂದವನು ತನಗೂ ಒಂದು ಬೇಕೆಂದು ಹಟ ಹಿಡಿದ. "ಬಂಡೆ ಸಂದಿಯಾಗೆ ನೀರು ಹರಿಯೋ ಜಾಗ ಕಣ್ರಿ ಇದು" ಎಂದು ಹೆಂಡತಿ ಉಚ್ಚಂಗೆಮ್ಮ ಹೇಳಿದಳು. ಕೇಳಲಿಲ್ಲ. ಅಗೆಸಿದ, ಕಲ್ಲು ಕಟ್ಟಿಸಿದ, ಭತ್ತದ ಮೂಟೆ ಇಳಿಸಿದ, ಮನೆಗೆ ಬಂದವರಿಗೆಲ್ಲ ದೀಪ ಹಿಡಿದು ತೋರಿಸಿದ. ಆಮೇಲೆ ಒಂದು ದಿನ ಭಟ್ಟಿಯ ಮುಂದೆ ಕೂತವನು ಹಾಗೇ ಒರಗಿ ಸತ್ತುಹೋದ.

ಉಚ್ಚಂಗೆಮ್ಮ ಎಷ್ಟು ಅತ್ತಳೆಂದು ಯಾರಿಗೂ ತಿಳಿಯಲಿಲ್ಲ. ಭಟ್ಟಿಯವರ ಕಣ್ಣು ಹೊಗೆಗೆ ಯಾವಾಗಲೂ ಕೆಂಪಗೇ ಇರುತ್ತದೆ. ಮತ್ತೆ ಮರಳು ಕಾಯಿಸಿ ಮಂಡಕ್ಕಿ ಹುರಿಯಲು ಕೂತಳು. ನೆಲಮಾಳಿಗೆಗೆ ಇಳಿದಾಗಲೆಲ್ಲ ಬೈಗುಳ ಬಾಯಿಗೆ ಬರುತ್ತಿತ್ತು. ಬೈಸಿಕೊಳ್ಳಲು ಅವನಿರಲಿಲ್ಲ.

ಎಮರ್ಜೆನ್ಸಿ ಬಂದ ವರ್ಷ ಮಳೆ ಜೋರು. ನೆಲಮಾಳಿಗೆಯ ನೆಲ ಮೊದಲು ಬೆವರಿತು, ಆಮೇಲೆ ಹಿಮ್ಮಡಿ ಮುಳುಗುವಷ್ಟು ನೀರು ನಿಂತಿತು. ಮೂಟೆಗಳನ್ನು ಮೇಲಕ್ಕೆ ಸಾಗಿಸಿದಳು. ಗೋಡೆಯನ್ನು ಎಲ್ಲಿಗೆ ಸಾಗಿಸುವುದು? ಭಟ್ಟಿ ಕೋಣೆಯ ಮಣ್ಣಿನ ಗೋಡೆ ನೆಲಮಾಳಿಗೆಯ ಮೇಲೇ ನಿಂತಿತ್ತು. ಅದು ಬಿರುಕು ಬಿಟ್ಟಿತು. ಗೋಡೆ ಬಿದ್ದರೆ ಭಟ್ಟಿ ಹೋಯಿತು. ಭಟ್ಟಿ ಹೋದರೆ ಗಂಡನ ಅಣ್ಣ ಬೋರಪ್ಪನ ಹಿತ್ತಲ ಕೋಣೆಯಲ್ಲಿ, ಅವರು ಹಾಕಿದ್ದು ತಿಂದು ಬಿದ್ದಿರಬೇಕು.

ಗಾರೆ ಗೊಲ್ಲಪ್ಪನನ್ನು ಕರೆಸಿದಳು.

"ಅಕ್ಕಾ, ಬರೋ ನೀರು ತಡೆಯಾಕೆ ನಮ್ಮಪ್ಪನ ಕೈಲೂ ಆಗಲ್ಲ. ಒಂದು ಮೂಲೆಯಾಗೆ ಜಾಗ ಮಾಡಿಕೊಟ್ಟು, ಅಲ್ಲಿಂದ ಎತ್ತಿ ಆಚಿಗೆ ಹಾಕಬೇಕು, ಅಷ್ಟೆ."

ತಗ್ಗಿನ ಮೂಲೆಯಲ್ಲಿ ಗುಂಡಿ ತೆಗೆದ. ಸುತ್ತ ತೂತು ಬಿಟ್ಟ ಸಿಮೆಂಟಿನ ರಿಂಗು ಇಳಿಸಿದ. ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬಿದ, ಕೆಸರು ಅಲ್ಲೇ ನಿಂತು ನೀರಷ್ಟೇ ಒಳಗೆ ಬರಲಿ ಎಂದು. ಮೆಟ್ಟಿಲ ಮೇಲೆ ಪಂಪು ಕೂರಿಸಿ ಪೈಪನ್ನು ಬೀದಿಯ ಚರಂಡಿಗೆ ಬಿಟ್ಟ.

"ಸ್ವಿಚ್ ಹಾಕೋ ಮುಂಚೆ ಪಂಪಿನ ಬಾಯಿಗೆ ನೀರು ಕುಡಿಸ್ರಿ ಅಕ್ಕಾ. ಒಣ ಗಂಟ್ಲಾಗೆ ಅದು ಎಳೆಯಲ್ಲ."

ಗುಂಡಿ ತುಂಬಿತು. ಸೋಸಿ ಬಂದ ನೀರು, ತಿಳಿಯಾಗಿತ್ತು. ಅಷ್ಟರಲ್ಲಿ ಬೋರಪ್ಪ ಬಂದ. ಇಣುಕಿದವನೇ ಚಪ್ಪಲಿ ಬಿಟ್ಟ.

"ಲೇ ಗೊಲ್ಲ, ಕೈ ತೆಗಿ! ಗಂಗಮ್ಮ ಎದ್ದವ್ಳೆ!"

"ಇದು ಬಸಿ ನೀರು ಬೋರಪ್ಪಾರೆ. ಎತ್ತಿ ಚೆಲ್ಲಾಕೆ ಅಂತ್ಲೇ ಗುಂಡಿ ತೋಡಿದ್ದು."

"ಯಾತಕ್ಕಾರ ತೋಡು. ತೋಡಿದ ಗುಂಡಿಗೆ ನೀರು ಬಂದ್ಮೇಲೆ ಪೂಜೆ ಮಾಡದೆ ಮುಟ್ತಾರೇನಲೇ?"

ಬೋರಪ್ಪ ತನ್ನ ಹೊಲದಲ್ಲಿ ತೋಡಿಸಿದ ಬಾವಿಗಳೆಲ್ಲ ಬಂಡೆ ಕಂಡು ನಿಂತಿದ್ದವು. ಹೊಸ ನೀರು ಕಂಡು ಅವನ ಕಣ್ಣು ತುಂಬಿದ್ದು ನಿಜ.

ಪಕ್ಕದ ಮನೆಯ ಏಕಾಂತಮ್ಮ ಮುತ್ತೈದೆಯರನ್ನು ಕಟ್ಟಿಕೊಂಡು ಬಂದಳು. ಉಚ್ಚಂಗೆಮ್ಮ ಅರಿಶಿನದ ತಟ್ಟೆ ಎತ್ತಿಕೊಡಲು ಹೋದಳು.

"ನೀವು ಬಾಗ್ಲ ಹಿಂದೆ ಇರ್ರಿ ಅಕ್ಕಾ. ಬ್ಯಾಸರ ಮಾಡ್ಕಬ್ಯಾಡ್ರಿ. ಇದು ಮುತ್ತೈದೇರ ಕೆಲ್ಸ" ಎಂದಳು ಏಕಾಂತಮ್ಮ.

ಮನೆ ಅವಳದು, ಗುಂಡಿ ಅವಳದು, ನೈವೇದ್ಯದ ಬೆಲ್ಲವೂ ಅವಳದೇ. ಬಾಗಿಲ ಹಿಂದೆ ನಿಂತಳು. ಗುಂಡಿಯ ಪಕ್ಕ ಕಳಸ ಇಟ್ಟು, ನೀರಿಗೆ ಹೂವಿನ ಎಸಳು ಹಾಕಿದರು. ಪಂಪಿಗೂ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದರು.

"ಪೂಜೆ ಆತಲ್ಲ, ಮೋಟಾರು ಹಾಕಾಣೇನು?" ಎಂದಳು ಬಾಗಿಲ ಹಿಂದಿನಿಂದ.

"ಗಂಗಮ್ಮನ್ನ ಚರಂಡಿಗೆ ಬಿಡ್ತೀಯೇನೇ?" ಬೋರಪ್ಪ ಬೆಚ್ಚಿದ. "ನನ್ನ ತಮ್ಮ ಇದ್ದಿದ್ರೆ ಈ ಮಾತು ಕೇಳಿ ಏನಂತಿದ್ದ?"

"ಅವ್ರು ಇದ್ದಿದ್ರೆ ನಿಮಗೆ ದೀಪ ಹಿಡೀತಿದ್ರು ಭಾವ."

ಯಾರದೋ ಕಣ್ಣುನೋವು ಈ ನೀರಿಗೆ ವಾಸಿಯಾಯಿತೆಂದು ಸುದ್ದಿ ಎದ್ದಿತು. ಜನ ಚೊಂಬು ಹಿಡಿದು ಬಂದರು. ಬೋರಪ್ಪ ಮಡಿ ಉಟ್ಟು ಮೆಟ್ಟಿಲ ಮೇಲೆ ಕೂತು ತೀರ್ಥ ಕೊಡತೊಡಗಿದ. ಹನಿ ಹನಿ ಕೊಟ್ಟರೆ ಖಾಲಿಯಾಗುವ ನೀರೇ ಅದು? ರಿಂಗು ದಾಟಿ ಹರಡಿತು, ಗೋಡೆಯ ಬುಡಕ್ಕೆ ಹತ್ತಿತು. ಮಧ್ಯಾಹ್ನ ಗೋಡೆಯ ಹೆಂಟೆಯೊಂದು ಕಳಚಿ, ಕಾದ ಮರಳಿನ ಬಾಣಲೆಗೆ ಬಿತ್ತು.

ಉಚ್ಚಂಗೆಮ್ಮ ಜಾಲರಿ ಕೆಳಗಿಟ್ಟಳು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

"ಎಲ್ಲಿಗೇ? ನೀನು ಮುಟ್ಟಂಗಿಲ್ಲ!"

"ಮುಟ್ಟಿದ್ರೆ ಏನಾಗ್ತೈತೆ ಭಾವ?"

"ಮೈಲಿಗೆ ಆಗ್ತೈತೆ!"

"ಮೈಲಿಗೆ ನೀರು ತೀರ್ಥಕ್ಕೆ ಬರ್ತೈತಾ?"

"ಎಲ್ಲಿ ಬರ್ತೈತೆ?"

"ಮತ್ತೇನು ಮಾಡ್ತಾರೆ ಅದನ್ನ?"

"ಚೆಲ್ತಾರೆ" ಎಂದ ಬೋರಪ್ಪ.

ಅವಳು ಗುಂಡಿಯಲ್ಲಿ ಮೊಣಕೈವರೆಗೆ ಎರಡೂ ಕೈ ಅದ್ದಿದಳು. ಅದೇ ನೀರಲ್ಲಿ ಮುಖ ತೊಳೆದಳು, ನಿಧಾನವಾಗಿ, ಕತ್ತಿನವರೆಗೂ. ಚೊಂಬು ಹಿಡಿದವರು ಹಿಂದಕ್ಕೆ ಸರಿದರು. "ನಂದು ಮೊದ್ಲೇ ತುಂಬಿದ್ದು" ಎಂದು ಏಕಾಂತಮ್ಮ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಉಚ್ಚಂಗೆಮ್ಮ ಕಳಸದ ತೆಂಗಿನಕಾಯಿ ತೆಗೆದಿಟ್ಟು, ನೀರನ್ನು ಪಂಪಿನ ಬಾಯಿಗೆ ಹುಯ್ದಳು. ಕೈ ಒರೆಸಿಕೊಂಡು ಸ್ವಿಚ್ ಹಾಕಿದಳು. ಪಂಪು ಕೆಮ್ಮಿತು, ನಡುಗಿತು, ಎಳೆಯಿತು. ಬೀದಿಯ ಚರಂಡಿಯಲ್ಲಿ ಚೆಂಡುಹೂವಿನ ಎಸಳು ತೇಲಿಕೊಂಡು ಹೋದವು.

ನೆಲ ಕಾಣುವ ಹೊತ್ತಿಗೆ ಗೊಲ್ಲಪ್ಪ ಗೋಡೆಗೆ ತೊಲೆ ಆಸರೆ ಕೊಟ್ಟ. ಗೋಡೆ ನಿಂತಿತು. ಭಟ್ಟಿ ಮತ್ತೆ ಹೊತ್ತಿತು.

ಸಂತೆಯ ದಿನ ಬೋರಪ್ಪ ಚೀಲ ಹಿಡಿದು ಬಂದ. ಏನೂ ಆಗಿಲ್ಲವೆಂಬಂತೆ ಕೂತ. ಬಿಸಿ ಮಂಡಕ್ಕಿ ಬಾಯಿಗೆ ಎಸೆದುಕೊಂಡು, "ಗರಿಗರಿ ಐತೆ ಕಣೆ. ಇನ್ನೊಂದು ಸೇರು ಹಾಕು" ಎಂದ.

ಉಚ್ಚಂಗೆಮ್ಮ ತನ್ನ ಕೈಯಿಂದಲೇ ಅಳೆದು ಹಾಕಿದಳು. ಮಂಡಕ್ಕಿಗೆ ಮೈಲಿಗೆ ಇಲ್ಲವಂತೆ.